ವೈದ್ಯರ ಮೇಜಿನ ಮೇಲಿನ ಕಂಪ್ಯೂಟರ್: ಆರೋಗ್ಯ ಇಲಾಖೆಯ ಆಯುಕ್ತರಿಗೊಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಆಯುಕ್ತರು,
ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸೇವೆಗಳು,
ಕರ್ನಾಟಕ ಸರ್ಕಾರ, ಬೆಂಗಳೂರು.

ವಿಷಯ: ಜಿಲ್ಲಾ ಮತ್ತು ತಾಲ್ಲೂಕು ಆಸ್ಪತ್ರೆಗಳ ವೈದ್ಯರು ವಿದ್ಯುನ್ಮಾನ ಆರೋಗ್ಯ ದಾಖಲೆಗಳನ್ನು ಬಳಸುವುದಕ್ಕೆ ಇರುವ ಅನುಕೂಲ ಮತ್ತು ಅಡಚಣೆಗಳ ಕುರಿತು.

ಮಾನ್ಯರೇ,

ಆಸ್ಪತ್ರೆಗಳಲ್ಲಿ ಕಂಪ್ಯೂಟರ್ ದಾಖಲೆ ನಿರೀಕ್ಷೆಯ ಮಟ್ಟಕ್ಕೆ ಏಕೆ ಬರುತ್ತಿಲ್ಲ ಎಂಬ ಪ್ರಶ್ನೆ ಪರಿಶೀಲನಾ ಸಭೆಗಳಲ್ಲಿ ಎದ್ದಾಗಲೆಲ್ಲ ಒಂದು ಸಿದ್ಧ ಉತ್ತರ ಸಿಗುತ್ತದೆ: ವೈದ್ಯರು ಸಹಕರಿಸುತ್ತಿಲ್ಲ, ಹಳಬರಿಗೆ ಕಂಪ್ಯೂಟರ್ ಬರುವುದಿಲ್ಲ, ಹೊಸಬರಿಗೆ ಆಸಕ್ತಿಯಿಲ್ಲ. ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳ ಸರ್ಕಾರಿ ಆಸ್ಪತ್ರೆಗಳಲ್ಲಿ ಬಹುಕಾಲ ಫಿಜೀಷಿಯನ್ ಆಗಿ ಕೆಲಸ ಮಾಡಿ, ನಿವೃತ್ತಿಯ ನಂತರ ಚಿತ್ರದುರ್ಗದಲ್ಲಿ ಸಣ್ಣದೊಂದು ಕ್ಲಿನಿಕ್ ನಡೆಸುತ್ತಿರುವ ನಾನು ಈ ಉತ್ತರವನ್ನು ಒಪ್ಪುವುದಿಲ್ಲ. ಬೆಳಗಿನಿಂದ ರಾತ್ರಿಯವರೆಗೆ ಮೊಬೈಲ್ ಫೋನಿನಲ್ಲೇ ಇಸಿಜಿ, ಎಕ್ಸ್‌ರೇ, ಸಿಟಿ ಸ್ಕ್ಯಾನ್ ಚಿತ್ರಗಳನ್ನು ಒಬ್ಬರಿಗೊಬ್ಬರು ಕಳಿಸಿ ಅಭಿಪ್ರಾಯ ಕೇಳುವ ಜನ ನಾವು. ಯಂತ್ರದ ಭಯ ನಮ್ಮ ಕಾಯಿಲೆಯಲ್ಲ. ದಾಖಲೆಯನ್ನು ತುಂಬುವವರಿಗೆ ಆ ದಾಖಲೆಯಿಂದ ಹಿಂದಕ್ಕೆ ಏನೂ ಬರುತ್ತಿಲ್ಲ ಎಂಬುದೇ ನಿಜವಾದ ತೊಡಕು ಎಂದು ತಮ್ಮ ಗಮನಕ್ಕೆ ತರಲು ಈ ಪತ್ರ ಬರೆಯುತ್ತಿದ್ದೇನೆ.

ನನ್ನ ಮಾತಿಗೆ ತಮ್ಮ ಇಲಾಖೆಯ ಯೋಜನೆಯೊಂದೇ ಸಾಕ್ಷಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಯಲ್ಲಿ ಎದೆನೋವಿನ ರೋಗಿಯ ಇಸಿಜಿ ತೆಗೆದ ಕೂಡಲೇ ಅದು ದೂರದ ಕೇಂದ್ರಕ್ಕೆ ಹೋಗುತ್ತದೆ. ಇದು ಹೃದಯಾಘಾತವೋ ಅಲ್ಲವೋ ಎಂಬ ಉತ್ತರ ಕೆಲವೇ ನಿಮಿಷಗಳಲ್ಲಿ ಮರಳಿ ಬರುತ್ತದೆ. ಹೌದಾದರೆ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲಿಯೇ ಕೊಡಬಹುದು. ಇದನ್ನು ಬಳಸಿ ಎಂದು ಕರ್ತವ್ಯದ ಮೇಲಿರುವ ವೈದ್ಯಾಧಿಕಾರಿಗೆ ಯಾರೂ ನೋಟಿಸ್ ಕೊಡಬೇಕಾಗಿಲ್ಲ. ರಾತ್ರಿ ಎರಡು ಗಂಟೆಗೆ ಒಬ್ಬರೇ ಇರುವಾಗ ಪಕ್ಕದಲ್ಲಿ ಹೃದ್ರೋಗ ತಜ್ಞರೊಬ್ಬರು ನಿಂತಂತಾಗುತ್ತದೆ ಎನ್ನುವಷ್ಟೇ ಕಾರಣ ಸಾಕು. ಎಕ್ಸ್‌ರೇ ಫಿಲ್ಮ್ ಹೋಗಿ ಡಿಜಿಟಲ್ ಚಿತ್ರ ಬಂದಾಗಲೂ ಹೀಗೆಯೇ ಆಯಿತು. ಒದ್ದೆ ಫಿಲ್ಮ್ ಒಣಗುವುದನ್ನು ಕಾಯುತ್ತಿದ್ದ ಮೂಳೆ ತಜ್ಞರು ಒಂದೇ ವಾರದಲ್ಲಿ ಹೊಸದಕ್ಕೆ ಒಗ್ಗಿಕೊಂಡರು. ತರಬೇತಿ ಶಿಬಿರ ಆಮೇಲೆ ನಡೆಯಿತು.

ಇನ್ನು ಹೊರರೋಗಿ ವಿಭಾಗಕ್ಕೆ ಬನ್ನಿ. ತಾಲ್ಲೂಕು ಆಸ್ಪತ್ರೆಯ ಫಿಜೀಷಿಯನ್ ಬಳಿಗೆ ಸೋಮವಾರ ಬೆಳಿಗ್ಗೆ 9ರಿಂದ ಮಧ್ಯಾಹ್ನ 1ರೊಳಗೆ ನೂರು ಜನ ಬರುವುದು ಅಪರೂಪವಲ್ಲ. ನಾಲ್ಕು ಗಂಟೆಯೆಂದರೆ 240 ನಿಮಿಷ. ಒಬ್ಬರ ಪಾಲಿಗೆ ಎರಡೂವರೆ ನಿಮಿಷವೂ ಬರುವುದಿಲ್ಲ. 67 ದೇಶಗಳ ಮಾಹಿತಿಯನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ಭಾರತದಲ್ಲಿ ವೈದ್ಯರು ರೋಗಿಯೊಬ್ಬರಿಗೆ ಕೊಡುವ ಸಮಯ ಸುಮಾರು ಎರಡು ನಿಮಿಷ ಎಂದು ಹೇಳಿದಾಗ ಪತ್ರಿಕೆಗಳು ಗಾಬರಿಪಟ್ಟವು. ನಮಗೆ ಅದರಲ್ಲಿ ಆಶ್ಚರ್ಯವಾಗುವಂಥದ್ದೇನೂ ಇರಲಿಲ್ಲ. ಈಗ ಈ ಎರಡು ನಿಮಿಷದೊಳಗೆ ಪರದೆಯ ಮೇಲೆ ರೋಗಿಯ ಹೆಸರು ಹುಡುಕಿ, ತೊಂದರೆ ಬರೆದು, ರೋಗದ ಸಂಕೇತ (ಕೋಡ್) ಆರಿಸಿ, ಔಷಧಿ, ಪ್ರಮಾಣ, ದಿನಗಳ ಲೆಕ್ಕವನ್ನು ಬೇರೆ ಬೇರೆ ಚೌಕಗಳಲ್ಲಿ ತುಂಬಿ, ಉಳಿಸಿ, ಪ್ರಿಂಟ್ ಕೊಡುವುದಕ್ಕೆ ಒಂದೂವರೆ ನಿಮಿಷ ಹಿಡಿಯಿತೆಂದುಕೊಳ್ಳಿ. ನೂರು ಜನಕ್ಕೆ ಎರಡೂವರೆ ಗಂಟೆ. ನಾಡಿ ಹಿಡಿಯಲು, ಹೊಟ್ಟೆ ಮುಟ್ಟಿ ನೋಡಲು, ಹೊಸದುರ್ಗದ ಯಾವುದೋ ಹಳ್ಳಿಯಿಂದ ಎರಡು ಬಸ್ಸು ಬದಲಿಸಿ ಬಂದ ಮುದುಕಿಯ ಮಾತು ಕೇಳಲು ಉಳಿಯುವುದು ಒಂದೂವರೆ ಗಂಟೆ. ಇಷ್ಟಾದ ಮೇಲೂ ಪರದೆಯಿಂದ ವೈದ್ಯರಿಗೆ ಸಿಕ್ಕಿದ್ದು ಅವರೇ ಈಗಷ್ಟೇ ತುಂಬಿದ ಮಾಹಿತಿ ಮಾತ್ರ.

ಹೊರದೇಶಗಳು ಇದೇ ದಾರಿಯಲ್ಲಿ ಮುಗ್ಗರಿಸಿವೆ. ಅಮೆರಿಕ 2009ರಲ್ಲಿ ಕಾನೂನು ಮಾಡಿ, ಕೋಟ್ಯಂತರ ಡಾಲರ್ ಪ್ರೋತ್ಸಾಹಧನ ಕೊಟ್ಟು ಆಸ್ಪತ್ರೆಗಳನ್ನು ಕಂಪ್ಯೂಟರ್ ದಾಖಲೆಗೆ ತಂದಿತು. ಅಲ್ಲಿನ 57 ವೈದ್ಯರ ಕೆಲಸವನ್ನು ಪಕ್ಕದಲ್ಲೇ ನಿಂತು ಗಡಿಯಾರ ಹಿಡಿದು ಅಳೆದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು: ರೋಗಿಯೊಡನೆ ಕಳೆಯುವ ಪ್ರತಿ ಒಂದು ಗಂಟೆಗೆ ಪ್ರತಿಯಾಗಿ ಹತ್ತಿರ ಹತ್ತಿರ ಎರಡು ಗಂಟೆ ಕಂಪ್ಯೂಟರ್ ಮತ್ತು ಮೇಜಿನ ಕೆಲಸಕ್ಕೆ ಹೋಗುತ್ತಿತ್ತು. ಬ್ರಿಟನ್ 2002ರಲ್ಲಿ ಇಡೀ ದೇಶಕ್ಕೆ ಒಂದೇ ವ್ಯವಸ್ಥೆಯನ್ನು ಮೇಲಿನಿಂದ ಇಳಿಸಲು ಹೊರಟು, ಅಪಾರ ಹಣ ಸುರಿದ ಮೇಲೆ 2011ರಲ್ಲಿ ಆ ಕಾರ್ಯಕ್ರಮವನ್ನು ಬಿಚ್ಚಿಹಾಕಬೇಕಾಯಿತು. ಇದಕ್ಕೆ ವಿರುದ್ಧವಾದ ಉದಾಹರಣೆಯೂ ಉಂಟು. ಅಮೆರಿಕದ ನಿವೃತ್ತ ಸೈನಿಕರ ಆಸ್ಪತ್ರೆಗಳಲ್ಲಿ ವೈದ್ಯರು ಮತ್ತು ಪ್ರೋಗ್ರಾಮರ್‌ಗಳು ಒಟ್ಟಿಗೆ ಕುಳಿತು ತುಂಡು ತುಂಡಾಗಿ ಕಟ್ಟಿದ ‘ವಿಸ್ಟಾ’ ಎಂಬ ವ್ಯವಸ್ಥೆ ನೋಡಲು ಚೆಂದವಿಲ್ಲದಿದ್ದರೂ ದಶಕಗಳ ಕಾಲ ವೈದ್ಯರ ಮೆಚ್ಚಿಗೆ ಪಡೆದುಕೊಂಡಿತು. ಹಣವಾಗಲಿ ಹೊಳೆಯುವ ಪರದೆಯಾಗಲಿ ಇಲ್ಲಿ ವ್ಯತ್ಯಾಸ ಮಾಡಲಿಲ್ಲ. ಒಂದು ಗುಂಡಿ ಎಲ್ಲಿರಬೇಕು ಎಂಬುದನ್ನು ಅದನ್ನು ಒತ್ತುವವರು ತೀರ್ಮಾನಿಸಿದ್ದರು, ಅಷ್ಟೆ.

ನಮ್ಮಲ್ಲಿ ವೈದ್ಯರಿಗೆ ಬೇಕಾದದ್ದೇನು ಎಂಬುದನ್ನು ತಿಳಿಯಲು ರೋಗಿಗಳು ತರುವ ಪ್ಲಾಸ್ಟಿಕ್ ಕವರನ್ನು ನೋಡಬೇಕು. ಮೊಳಕಾಲ್ಮೂರು ಕಡೆಯವರೊಬ್ಬರು ಬಳ್ಳಾರಿಯಲ್ಲಿ ಒಮ್ಮೆ, ಆಂಧ್ರದ ರಾಯದುರ್ಗದಲ್ಲಿ ಒಮ್ಮೆ, ದಾವಣಗೆರೆಯಲ್ಲಿ ಒಮ್ಮೆ ತೋರಿಸಿಕೊಂಡು ನನ್ನ ಬಳಿ ಬಂದರೆ, ಬಟ್ಟೆ ಅಂಗಡಿಯ ಹೆಸರಿರುವ ಕವರಿನಲ್ಲಿ ಅಷ್ಟೂ ಚೀಟಿಗಳಿರುತ್ತವೆ. ಅವನ್ನು ಮೇಜಿನ ಮೇಲೆ ಸುರಿದು, ಡಿಸ್ಚಾರ್ಜ್ ಸಮ್ಮರಿಗಳನ್ನು ಒಂದು ಕಡೆ ಇಟ್ಟು, ಇಸಿಜಿಗಳನ್ನು ತಾರೀಖಿನ ಪ್ರಕಾರ ಹರಡಿ, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಎಷ್ಟಿದ್ದದ್ದು ಎಷ್ಟಾಗಿದೆ ಎಂದು ಕಣ್ಣಾಡಿಸಲು ಒಂದು ನಿಮಿಷ ಸಾಕು. ಥರ್ಮಲ್ ಕಾಗದದ ಮೇಲೆ ಮುದ್ರಿಸಿದ ಲ್ಯಾಬ್ ರಿಪೋರ್ಟುಗಳು ಮಾತ್ರ ಆರು ತಿಂಗಳಲ್ಲಿ ಬೆಳ್ಳಗಾಗಿ, ಬೆಳಕಿಗೆ ಹಿಡಿದು ಓರೆಯಾಗಿಸಿದರೂ ಅಕ್ಷರ ಕಾಣುವುದಿಲ್ಲ. ಕಂಪ್ಯೂಟರ್ ದಾಖಲೆ ಗೆಲ್ಲಬೇಕಾದದ್ದು ಇಲ್ಲಿ. ಆದರೆ ಕೇಂದ್ರ ಸರ್ಕಾರದ ಯೋಜನೆಯಡಿ ಪ್ರತಿಯೊಬ್ಬರಿಗೂ ಕೊಡುವ ಆರೋಗ್ಯ ಗುರುತಿನ ಸಂಖ್ಯೆಗೆ, ಅಂದರೆ ಆಭಾ ಸಂಖ್ಯೆಗೆ, ಜೋಡಿಸಲಾದ ದಾಖಲೆಗಳನ್ನು ತೆರೆದರೆ ಸಿಗುವುದು ಬಹುಮಟ್ಟಿಗೆ ಬಿಡಿಬಿಡಿ ಪಿಡಿಎಫ್ ಕಡತಗಳು. ಒಂದನ್ನು ತೆರೆದು, ಓದಿ, ಮುಚ್ಚಿ, ಇನ್ನೊಂದನ್ನು ತೆರೆಯಬೇಕು. ಐದು ರಿಪೋರ್ಟುಗಳ ಕ್ರಿಯಾಟಿನಿನ್ ಒಂದೇ ಸಾಲಿನಲ್ಲಿ ತಾರೀಖಿನೊಡನೆ ಕಾಣುವುದಿಲ್ಲ. ಹಾಗೆ ಕಾಣಿಸಲು ಬೇಕಾದ ಮಾನದಂಡಗಳು ನಮ್ಮ ದೇಶದಲ್ಲಿ ಇಲ್ಲವೆಂದಲ್ಲ. ಕೇಂದ್ರ ಸರ್ಕಾರ ವಿದ್ಯುನ್ಮಾನ ಆರೋಗ್ಯ ದಾಖಲೆಗಳ ಮಾನದಂಡಗಳನ್ನು 2013ರಲ್ಲೇ ಪ್ರಕಟಿಸಿ 2016ರಲ್ಲಿ ಪರಿಷ್ಕರಿಸಿದೆ. ಅಂಕಿಯನ್ನು ಅಂಕಿಯಾಗಿಯೇ ಕಳಿಸಿದರೂ ಒಂದು ದಾಖಲೆ, ಚೀಟಿಯ ಫೋಟೊ ಹೊಡೆದು ಕಳಿಸಿದರೂ ಒಂದು ದಾಖಲೆ ಎಂದು ಲೆಕ್ಕಕ್ಕೆ ಹಿಡಿಯುವವರೆಗೆ ಯಾರು ತಾನೆ ಕಷ್ಟದ ದಾರಿ ಹಿಡಿಯುತ್ತಾರೆ?

ಅಮೆರಿಕದ ವೈದ್ಯ ಲಾರೆನ್ಸ್ ವೀಡ್ ಕಾಗದದ ಕಾಲದಲ್ಲಿಯೇ, 1968ರಲ್ಲಿ, ಪ್ರತಿ ರೋಗಿಯ ಕಡತದ ಮೊದಲ ಪುಟದಲ್ಲಿ ಅವರ ಸಮಸ್ಯೆಗಳ ಪಟ್ಟಿ ಇರಬೇಕು ಎಂದು ವಾದಿಸಿದ್ದರು. ಬಿಪಿ ಹತ್ತು ವರ್ಷದಿಂದ, ಶುಗರ್ ಆರು ವರ್ಷದಿಂದ, ಪೆನಿಸಿಲಿನ್ ಅಲರ್ಜಿ, ಕಳೆದ ವರ್ಷ ಲಘು ಪಾರ್ಶ್ವವಾಯು. ಈ ನಾಲ್ಕು ಸಾಲು ಪರದೆ ತೆರೆದ ಕೂಡಲೇ ಎದುರಿಗೆ ಬಂದರೆ, ತಿಂಗಳ ಮಾತ್ರೆಗಳನ್ನು ಒಂದೇ ಒತ್ತಿಗೆ ಮರುಬರೆಯಲು ಬಂದರೆ, ಡೋಸ್ ವಿವರ ‘ಬೆಳಿಗ್ಗೆ ಊಟಕ್ಕೆ ಮುಂಚೆ ಒಂದು’ ಎಂದು ಕನ್ನಡದಲ್ಲಿ ಅಚ್ಚಾದರೆ, ತಾಲ್ಲೂಕು ಆಸ್ಪತ್ರೆಯ ವೈದ್ಯರು ಕಂಪ್ಯೂಟರನ್ನು ಬೇರೆ ಕೋಣೆಗೆ ಒಯ್ಯಲು ಬಿಡುವುದಿಲ್ಲ. ನನ್ನ ಕ್ಲಿನಿಕ್ಕಿನಲ್ಲಿ ಬಳಸುವ ಸಾಮಾನ್ಯ ತಂತ್ರಾಂಶದಲ್ಲಿ ಇವೆಲ್ಲ ಉಂಟು. ಬಿಪಿ, ಶುಗರ್ ರೋಗಿಗಳ ಚೀಟಿ ಅದರಿಂದಲೇ ಕೈಬರಹಕ್ಕಿಂತ ಬೇಗ ಆಗುತ್ತದೆ ಎಂಬುದನ್ನು ಪ್ರಾಮಾಣಿಕವಾಗಿ ಹೇಳಬೇಕು.

ರೋಗಿಯನ್ನು ಗುರುತಿಸುವ ವಿಚಾರ ಬೆಂಗಳೂರಿನ ಮೇಜಿನಿಂದ ಸುಲಭವಾಗಿ ಕಾಣಬಹುದು. ನಮ್ಮ ಜಿಲ್ಲೆಯಲ್ಲಿ ಹಾಗಿಲ್ಲ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಹೆಸರು ಹೊತ್ತ ತಿಪ್ಪೇಸ್ವಾಮಿಗಳು ಚಳ್ಳಕೆರೆ ತಾಲ್ಲೂಕಿನ ಒಂದೊಂದು ಊರಿನಲ್ಲೂ ಹಲವರಿದ್ದಾರೆ. ಆ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ನೋಂದಣಿ ಕೌಂಟರಿನ ಒಬ್ಬರು ಒಂದು ಬಗೆಯಾಗಿ, ಲ್ಯಾಬಿನವರು ಇನ್ನೊಂದು ಬಗೆಯಾಗಿ, ವಿಮೆಯ ಕೌಂಟರಿನವರು ಮತ್ತೊಂದು ಬಗೆಯಾಗಿ ಬರೆಯುತ್ತಾರೆ. ಹುಟ್ಟಿದ ದಿನ ನೋಡಿ ಪತ್ತೆ ಹಚ್ಚೋಣವೆಂದರೆ, ದಿನಾಂಕ ಗೊತ್ತಿಲ್ಲದ ಹಿರಿಯರ ಆಧಾರ್ ಕಾರ್ಡುಗಳಲ್ಲಿ ಎಲ್ಲರೂ ಜನವರಿ 1ರಂದೇ ಹುಟ್ಟಿದ್ದಾರೆ. ಹೀಗಾಗಿ ಒಬ್ಬರೇ ರೋಗಿಗೆ ಮೂರು ದಾಖಲೆ, ಇಬ್ಬರು ರೋಗಿಗಳಿಗೆ ಒಂದೇ ದಾಖಲೆ ಎರಡೂ ಆಗುತ್ತವೆ, ಎರಡನೆಯದು ಅಪಾಯಕಾರಿ. 14 ಅಂಕಿಗಳ ಆಭಾ ಸಂಖ್ಯೆ ಇದಕ್ಕೆ ಸರಿಯಾದ ಪರಿಹಾರವೆಂದು ನಾನೂ ನಂಬುತ್ತೇನೆ. ಆದರೆ ಅದನ್ನು ಮಾಡಿಸುವಾಗ ಒಟಿಪಿ ಹೋಗುವುದು ಆಧಾರ್‌ಗೆ ಜೋಡಿಸಿದ ಮೊಬೈಲಿಗೆ, ಮತ್ತು ಆ ಮೊಬೈಲ್ ಬೆಂಗಳೂರಿನ ಪೀಣ್ಯದಲ್ಲಿ ಕೆಲಸ ಮಾಡುವ ಮಗನ ಜೇಬಿನಲ್ಲಿರುತ್ತದೆ. ಮಗ ಫೋನಿನಲ್ಲಿ ಆರು ಅಂಕಿ ಓದಿ ಹೇಳುತ್ತಾನೆ, ಕೌಂಟರಿನವರು ಬರೆದುಕೊಳ್ಳುತ್ತಾರೆ, ತಾಯಿಯ ಒಪ್ಪಿಗೆ ದಾಖಲಾಗುತ್ತದೆ. ಇದನ್ನು ಒಪ್ಪಿಗೆ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಟೋಕನ್ ಪಡೆಯುವ ಸೌಲಭ್ಯ ಸ್ಮಾರ್ಟ್‌ಫೋನ್ ಇರುವ ಯುವಕರ ಸರದಿಯನ್ನು ಚಿಕ್ಕದು ಮಾಡಿದೆ ನಿಜ, ಆದರೆ ಹೊರರೋಗಿ ವಿಭಾಗದಲ್ಲಿ ಹೆಚ್ಚು ಸಲ ಬರಬೇಕಾದವರು ಅವರಲ್ಲ.

ಒಂದೇ ಮಾಹಿತಿಯನ್ನು ಎಷ್ಟು ಬಾಗಿಲುಗಳಲ್ಲಿ ಒಪ್ಪಿಸಬೇಕು ಎಂಬುದರ ಬಗ್ಗೆ ತಮ್ಮ ಕಚೇರಿಗೆ ಈಗಾಗಲೇ ತಿಳಿದಿರಬಹುದು. ಶುಗರ್ ಇರುವ ಕ್ಷಯರೋಗಿಯೊಬ್ಬರ ವಿವರ ನಿಕ್ಷಯ್ ಪೋರ್ಟಲ್‌ಗೆ, ಅಸಾಂಕ್ರಾಮಿಕ ರೋಗಗಳ ಪೋರ್ಟಲ್‌ಗೆ, ಆಸ್ಪತ್ರೆಯ ತಂತ್ರಾಂಶಕ್ಕೆ, ಲ್ಯಾಬ್ ರಿಜಿಸ್ಟರಿಗೆ, ಹೊರರೋಗಿ ರಿಜಿಸ್ಟರಿಗೆ ಹೋಗಬೇಕು. ಗರ್ಭಿಣಿಯಾದರೆ ತಾಯಿ ಕಾರ್ಡು ಮತ್ತು ತಾಯಿ-ಮಕ್ಕಳ ಆರೋಗ್ಯದ ಆರ್‌ಸಿಎಚ್ ಪೋರ್ಟಲ್. ದಾಖಲಾಗಿ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಡಿ ಚಿಕಿತ್ಸೆಯಾದರೆ ಅದಕ್ಕೊಂದು ಪ್ರತ್ಯೇಕ ಪೋರ್ಟಲ್. ಕಂಪ್ಯೂಟರ್ ಬಂದ ಮೇಲೆ ರಿಜಿಸ್ಟರ್ ಹೋಗುತ್ತದೆ ಎಂದು ನಮಗೆ ಹೇಳಲಾಗಿತ್ತು. ನಾನು ಕೆಲಸ ಮಾಡಿದ ಆಸ್ಪತ್ರೆಯೊಂದರಲ್ಲಿ ಎರಡೂ ಉಳಿದವು, ಏಕೆಂದರೆ ತಪಾಸಣೆಗೆ ಬಂದ ಅಧಿಕಾರಿಗಳು ಕೇಳುತ್ತಿದ್ದುದು ರಿಜಿಸ್ಟರನ್ನೇ. ಶುಶ್ರೂಷಾಧಿಕಾರಿಯೊಬ್ಬರು ಮಧ್ಯಾಹ್ನದ ಊಟ ಮುಂದೂಡಿ, ಬೆಳಗಿನ ರಿಜಿಸ್ಟರನ್ನು ಎಡಗೈಯಲ್ಲಿ ಹಿಡಿದು, ಬಲಗೈಯ ಎರಡು ಬೆರಳುಗಳಿಂದ ಅದನ್ನೆಲ್ಲ ಪರದೆಗೆ ಇಳಿಸುತ್ತಿದ್ದ ದೃಶ್ಯ ಅಲ್ಲಿ ದಿನನಿತ್ಯದ್ದು. ರೋಗಿ ಮನೆಗೆ ಹೋದ ಮೇಲೆ ತುಂಬುವ ದಾಖಲೆ ಆ ರೋಗಿಯ ಚಿಕಿತ್ಸೆಗೆ ಯಾವ ರೀತಿಯಲ್ಲೂ ನೆರವಾಗುವುದಿಲ್ಲ. ಅದು ವರದಿಗಾಗಿ ಮಾತ್ರ ಹುಟ್ಟಿದ ದಾಖಲೆ.

ಪರದೆಯ ವಿನ್ಯಾಸ ಸಣ್ಣ ವಿಷಯವೆಂದು ತೋರಬಹುದು. ಔಷಧಿಯ ಚೌಕದಲ್ಲಿ ‘ಮೆಟ್’ ಎಂದು ಒತ್ತಿದರೆ ಮೆಟ್‌ಫಾರ್ಮಿನ್, ಮೆಟೊಪ್ರೊಲಾಲ್, ಮೆಟ್ರೊನಿಡಜೋಲ್, ಮೆಥೊಟ್ರೆಕ್ಸೇಟ್ ಒಂದರ ಕೆಳಗೊಂದು ಬಂದು ನಿಲ್ಲುತ್ತವೆ. ಮೊದಲನೆಯದು ಶುಗರ್ ಮಾತ್ರೆ, ಎರಡನೆಯದು ಬಿಪಿಗೆ ಮತ್ತು ಹೃದಯಕ್ಕೆ, ಮೂರನೆಯದು ಆಮಶಂಕೆ ಭೇದಿಗೆ. ನಾಲ್ಕನೆಯದನ್ನು ಸಂಧಿವಾತಕ್ಕೆ ವಾರಕ್ಕೊಮ್ಮೆ ಮಾತ್ರ ಕೊಡಬೇಕು, ದಿನವೂ ತೆಗೆದುಕೊಂಡರೆ ಜೀವಕ್ಕೆ ಅಪಾಯ. ಇವುಗಳ ನಡುವೆ ಇರುವುದು ಮೌಸಿನ ಒಂದು ಅಲುಗಾಟ. ಒಂದು ಆಸ್ಪತ್ರೆಯಲ್ಲಿ ಶುಗರ್ ರೋಗಿಯೊಬ್ಬರ ಚೀಟಿಯಲ್ಲಿ ತಿಂಗಳಿಗಾಗುವಷ್ಟು ಮೆಟ್ರೊನಿಡಜೋಲ್ ಅಚ್ಚಾಗಿತ್ತು. ಔಷಧಿ ವಿತರಣಾ ಕಿಟಕಿಯಲ್ಲಿದ್ದ ಹಿರಿಯ ಫಾರ್ಮಸಿಸ್ಟ್ ಅದನ್ನು ಕೈಯಲ್ಲಿ ಹಿಡಿದು ಒಳಗೆ ಬಂದು, “ಸರ್, ಭೇದಿ ಮಾತ್ರೆನ ತಿಂಗಳಾನುಗಟ್ಟಲೆ ಕೊಡೋದಾ?” ಎಂದು ಕೇಳಿದ್ದರಿಂದ ಅದು ಅಲ್ಲಿಗೇ ನಿಂತಿತು. ಕೈಬರಹದಲ್ಲಿ ಅಕ್ಷರ ಕಾಣದೆ ಆಗುವ ತಪ್ಪುಗಳನ್ನು ಕಂಪ್ಯೂಟರ್ ತಪ್ಪಿಸುತ್ತದೆ ಎಂಬುದು ಸತ್ಯ, ಹೊಸ ಬಗೆಯ ತಪ್ಪುಗಳನ್ನು ತರುತ್ತದೆ ಎಂಬುದೂ ಅಷ್ಟೇ ಸತ್ಯ. ವಾರಕ್ಕೊಮ್ಮೆ ಕೊಡುವ ಔಷಧಿಗೆ ‘ದಿನಕ್ಕೊಂದು’ ಎಂದು ಆರಿಸಲು ಬಾರದಂತೆ ತಡೆಯುವುದು, ಹೆಸರು ಹೋಲುವ ಔಷಧಿಗಳನ್ನು ದಪ್ಪ ಅಕ್ಷರಗಳಿಂದ ಬೇರ್ಪಡಿಸಿ ತೋರಿಸುವುದು ದುಬಾರಿ ಕೆಲಸವೇನಲ್ಲ. ಕೇಳುವವರು ಬೇಕು, ಕೇಳಿದ್ದನ್ನು ಮಾಡುವ ಅಧಿಕಾರ ಯಾರಿಗಾದರೂ ಇರಬೇಕು. ಈಗ ತಂತ್ರಾಂಶದಲ್ಲಿ ಒಂದು ಚೌಕ ಬದಲಿಸಬೇಕೆಂದರೆ ಯಾರಿಗೆ ಬರೆಯಬೇಕು ಎಂಬುದೇ ತಾಲ್ಲೂಕಿನ ಆಡಳಿತ ವೈದ್ಯಾಧಿಕಾರಿಗೆ ತಿಳಿಯದು.

ರೋಗಸಂಕೇತಗಳ ವಿಷಯದಲ್ಲಿ ನಮ್ಮ ಭಾಗದ ನಷ್ಟ ವಿಶೇಷವಾದದ್ದು. ಸಾವಿರಾರು ಹೆಸರುಗಳ ಪಟ್ಟಿಯಿಂದ ಸರಿಯಾದದ್ದನ್ನು ಆರಿಸಲು ಸಮಯವಿಲ್ಲದ ವೈದ್ಯರು ಮೊದಲು ಕಂಡದ್ದನ್ನು ಒತ್ತುತ್ತಾರೆ; ಜ್ವರವೆಂದರೆ ‘ಅನಿರ್ದಿಷ್ಟ ಜ್ವರ’, ರೋಗಗಳ ಅಂತರರಾಷ್ಟ್ರೀಯ ಸಂಕೇತಪಟ್ಟಿಯಾದ ಐಸಿಡಿ-10ರಲ್ಲಿ ಆರ್ 50.9. ಅದು ಡೆಂಗಿಯೋ, ಟೈಫಾಯಿಡ್ಡೋ, ಇಲಿಜ್ವರವೋ ಎಂಬುದು ಎರಡು ದಿನಗಳ ನಂತರ ಲ್ಯಾಬಿನಲ್ಲಿ ಗೊತ್ತಾಗುತ್ತದೆ, ಆದರೆ ಹಿಂದಕ್ಕೆ ಹೋಗಿ ತಿದ್ದುವವರಿಲ್ಲ. ಚಿತ್ರದುರ್ಗ ಮತ್ತು ದಾವಣಗೆರೆಯ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವುದು ಹಳೆಯ ಸಂಗತಿ. ಬೆನ್ನು ಬಗ್ಗದ, ಮೊಣಕಾಲು ಮಡಚಲಾಗದ, ಹಲ್ಲಿನ ಮೇಲೆ ಕಂದು ಪಟ್ಟಿಗಳಿರುವ ಜನ ನಮ್ಮ ಹೊರರೋಗಿ ವಿಭಾಗಕ್ಕೆ ಬರುತ್ತಲೇ ಇರುತ್ತಾರೆ. ಮೂಳೆಯ ಫ್ಲೋರೋಸಿಸ್‌ಗೆ ಐಸಿಡಿ-10ರಲ್ಲಿ ಎಂ 85.1 ಎಂಬ ಸಂಕೇತವುಂಟು. ಪರದೆಯಲ್ಲಿ ಅದನ್ನು ಹುಡುಕುವ ಹೊತ್ತಿಗೆ ಮುಂದಿನ ಮೂವರು ಬಾಗಿಲಲ್ಲಿ ನಿಂತಿರುತ್ತಾರೆ, ಹಾಗಾಗಿ ಅವರೆಲ್ಲ ‘ಕೀಲುನೋವು’ ಎಂದೋ ‘ಬೆನ್ನುನೋವು’ ಎಂದೋ ದಾಖಲಾಗಿ, ಒಂದು ಡೈಕ್ಲೋಫೆನಾಕ್ ನೋವಿನ ಮಾತ್ರೆಯೊಡನೆ ಮನೆಗೆ ಹೋಗುತ್ತಾರೆ. ಇದೇ ದಾಖಲೆಗಳನ್ನು ಕೂಡಿಸಿ ಜಿಲ್ಲೆಯ ರೋಗಚಿತ್ರ ತಯಾರಾಗುತ್ತದೆ, ಯಾವ ಊರಿಗೆ ಶುದ್ಧ ಕುಡಿಯುವ ನೀರಿನ ಘಟಕ ಮೊದಲು ಬೇಕು ಎಂಬ ಚರ್ಚೆಗೂ ಇದೇ ಅಂಕಿ ಹೋಗಬಹುದು. ಪ್ರತಿ ಜಿಲ್ಲೆಯಲ್ಲಿ ಹೆಚ್ಚಾಗಿ ಕಾಣುವ ಐವತ್ತು ಕಾಯಿಲೆಗಳ ಕಿರುಪಟ್ಟಿಯನ್ನು ಆ ಜಿಲ್ಲೆಯ ವೈದ್ಯರೇ ಮಾಡಿ, ಕನ್ನಡದಲ್ಲಿ ಅಥವಾ ನಾವು ಆಡುವ ಇಂಗ್ಲಿಷ್ ಹೆಸರಿನಲ್ಲಿ ಪರದೆಯ ಮೇಲ್ಭಾಗದಲ್ಲಿ ಇಟ್ಟರೆ, ಸಂಕೇತವನ್ನು ಯಂತ್ರವೇ ಹುಡುಕಿಕೊಳ್ಳಲಿ.

ಗೋಪ್ಯತೆಯ ಬಗ್ಗೆ ವೈದ್ಯರು ಸಭೆಯಲ್ಲಿ ಮಾತನಾಡುವುದು ಕಡಿಮೆ, ಆದರೆ ಅವರು ಬರೆಯದೆ ಬಿಡುವುದಕ್ಕೆ ಇದು ದೊಡ್ಡ ಕಾರಣ. ಸಣ್ಣ ಊರಿನಲ್ಲಿ ಡಾಟಾ ಎಂಟ್ರಿ ಮಾಡುವ ಯುವಕ ರೋಗಿಯ ಬೀದಿಯವನೇ ಆಗಿರುತ್ತಾನೆ. ವೈದ್ಯರು, ಇಂಟರ್ನಿಗಳು (ತರಬೇತಿಯಲ್ಲಿರುವ ಕಿರಿಯ ವೈದ್ಯರು), ನರ್ಸ್‌ಗಳು ಎಲ್ಲರೂ ಒಂದೇ ಪಾಸ್‌ವರ್ಡ್ ಬಳಸುವುದೂ, ಆ ಪಾಸ್‌ವರ್ಡ್ ಮಾನಿಟರ್ ಅಂಚಿಗೆ ಅಂಟಿಸಿದ ಚೀಟಿಯಲ್ಲಿರುವುದೂ ನಾನು ಕಣ್ಣಾರೆ ಕಂಡದ್ದು. ಪ್ರತಿ ಐದು ನಿಮಿಷಕ್ಕೆ ತಾನಾಗಿ ಲಾಗ್ಔಟ್ ಆಗಿ ಮತ್ತೆ ಪಾಸ್‌ವರ್ಡ್ ಕೇಳುವ ತಂತ್ರಾಂಶದಲ್ಲಿ ಜನ ಬೇರೆ ದಾರಿ ಹುಡುಕಿಕೊಳ್ಳುವುದು ಸಹಜ. ಇಂತಹ ಪರದೆಯಲ್ಲಿ ಎಚ್‌ಐವಿ ಸೋಂಕನ್ನಾಗಲಿ, ಮದುವೆಯಾಗದ ಹುಡುಗಿಯ ಗರ್ಭವನ್ನಾಗಲಿ, ಮಾನಸಿಕ ಕಾಯಿಲೆಯನ್ನಾಗಲಿ ಬರೆಯಲು ಯಾವ ವೈದ್ಯರ ಕೈ ಮುಂದೆ ಹೋಗುತ್ತದೆ? 2017ರ ಎಚ್‌ಐವಿ ಕಾಯ್ದೆ, ಅದೇ ವರ್ಷದ ಮಾನಸಿಕ ಆರೋಗ್ಯ ಕಾಯ್ದೆ, 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಮೂರೂ ರೋಗಿಯ ಪರವಾಗಿ ನಿಂತಿವೆ. ಯಾರು ಯಾವ ದಾಖಲೆಯನ್ನು ಯಾವಾಗ ತೆರೆದರು ಎಂಬ ಲೆಕ್ಕ ಇಡುವುದು ಯಂತ್ರಕ್ಕೆ ಸುಲಭ. ನಮ್ಮ ಭಾಗದಲ್ಲಿ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 48ರ ಅಪಘಾತ ಪ್ರಕರಣಗಳನ್ನು ನೋಡುವ ವೈದ್ಯರಿಗೆ ಇದು ಇನ್ನೊಂದು ಕಾರಣಕ್ಕೂ ಬೇಕು: ನ್ಯಾಯಾಲಯದಲ್ಲಿ ಗಾಯದ ವಿವರ ಬರೆದವರು ಯಾರು ಎಂದು ವಕೀಲರು ಕೇಳಿದಾಗ, ಎಲ್ಲರ ಕೈಯಲ್ಲಿದ್ದ ಒಂದೇ ಪಾಸ್‌ವರ್ಡ್ ಯಾವ ಉತ್ತರವನ್ನೂ ಕೊಡಲಾರದು.

ವಿದ್ಯುತ್, ಯುಪಿಎಸ್, ಇಂಟರ್ನೆಟ್ ಬಗ್ಗೆ ದೀರ್ಘವಾಗಿ ಬರೆಯುವುದಿಲ್ಲ. ಅವು ಇರಬೇಕು, ಅಷ್ಟೆ. ಇಂಟರ್ನೆಟ್ ಕಡಿದಾಗಲೂ ಆಸ್ಪತ್ರೆಯೊಳಗೆ ಕೆಲಸ ಮಾಡಿ, ಸಂಪರ್ಕ ಬಂದ ಮೇಲೆ ತಾನಾಗಿ ಮೇಲಕ್ಕೆ ಕಳಿಸುವ ತಂತ್ರಾಂಶ ಹಳ್ಳಿಗಾಡಿಗೆ ಅನಿವಾರ್ಯ. 2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರ್‌ಗಳ ಮೇಲೆ ಸೈಬರ್ ದಾಳಿಯಾಗಿ, ದೇಶದ ಅತಿ ದೊಡ್ಡ ಆಸ್ಪತ್ರೆಗಳಲ್ಲೊಂದು ದಿನಗಟ್ಟಲೆ ಕಾಗದದ ಮೇಲೆ ನಡೆಯಬೇಕಾಯಿತು. ಅಲ್ಲಿ ಕಾಗದಕ್ಕೆ ಮರಳಲು ಸಿಬ್ಬಂದಿ ಇದ್ದರು. ತಾಲ್ಲೂಕು ಆಸ್ಪತ್ರೆಯಲ್ಲಿ ಪರದೆ ಆರಿದ ದಿನ ಯಾವ ನಮೂನೆಯಲ್ಲಿ ಬರೆಯಬೇಕು, ಆ ನಮೂನೆ ಯಾವ ಕಪಾಟಿನಲ್ಲಿದೆ, ಮರುದಿನ ಅದನ್ನು ಯಾರು ತುಂಬಬೇಕು ಎಂಬುದನ್ನು ಮೊದಲೇ ಗೊತ್ತು ಮಾಡಿಡಬೇಕಾಗುತ್ತದೆ.

ದಾವಣಗೆರೆಯಂತಹ ವೈದ್ಯಕೀಯ ಕಾಲೇಜುಗಳ ಊರಿನಲ್ಲಿ ಕೆಲವರು ಇಂಟರ್ನಿಗಳಿಂದಲೇ ಟೈಪ್ ಮಾಡಿಸಬಹುದಲ್ಲ ಎನ್ನುತ್ತಾರೆ. ಕಲಿಯಲು ಬಂದ ಹುಡುಗ ಹುಡುಗಿಯರನ್ನು ಬೆರಳಚ್ಚುಗಾರರನ್ನಾಗಿ ಮಾಡುವುದು ಅನ್ಯಾಯ. ಜೊತೆಗೆ, ಹಿಂದಿನ ದಿನದ ಟಿಪ್ಪಣಿಯನ್ನು ನಕಲಿಸಿ ಅಂಟಿಸುವ ಅಭ್ಯಾಸ ಅಲ್ಲಿಂದಲೇ ಶುರುವಾಗುತ್ತದೆ. ಹೊಟ್ಟೆಯ ಶಸ್ತ್ರಚಿಕಿತ್ಸೆಯಾದ ಮರುದಿನವೂ ‘ಹೊಟ್ಟೆ ಮೃದುವಾಗಿದೆ, ಏನೂ ತೊಂದರೆಯಿಲ್ಲ’ ಎಂಬ ವಾಕ್ಯ ಹಾಗೆಯೇ ಮುಂದುವರಿದಿರುವ ಸಮ್ಮರಿಗಳನ್ನು ನಾನು ಓದಿದ್ದೇನೆ. ಹೊರರೋಗಿ ಕೋಣೆಗೊಬ್ಬ ತರಬೇತಿ ಪಡೆದ, ಗೋಪ್ಯತೆಯ ಪ್ರಮಾಣಕ್ಕೆ ಸಹಿ ಮಾಡಿದ ಬರಹ ಸಹಾಯಕರನ್ನು ನೇಮಿಸುವುದು ಹೊಸ ಕಂಪ್ಯೂಟರ್ ಕೊಳ್ಳುವುದಕ್ಕಿಂತ ಹೆಚ್ಚಿನ ಫಲ ಕೊಡುತ್ತದೆ ಎಂಬುದು ನನ್ನ ಅಭಿಪ್ರಾಯ.

ಆಭಾ ಸಂಖ್ಯೆಯನ್ನು ಕೊಡುವ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ 2021ರ ಸೆಪ್ಟೆಂಬರ್ 27ರಂದು ದೇಶಾದ್ಯಂತ ಆರಂಭವಾದಾಗ ನಾನು ಅದನ್ನು ಸಂತೋಷದಿಂದ ಸ್ವಾಗತಿಸಿದವರಲ್ಲಿ ಒಬ್ಬ. ಈಗಲೂ ಅದರ ವಿರೋಧಿಯಲ್ಲ. ಆದರೆ ಅದರಡಿ 2023ರಲ್ಲಿ ಜಾರಿಗೆ ಬಂದ ಪ್ರೋತ್ಸಾಹಧನವೂ, ಜಿಲ್ಲಾ ಮಟ್ಟದ ಪರಿಶೀಲನೆಯೂ ಎಷ್ಟು ದಾಖಲೆಗಳನ್ನು ಜೋಡಿಸಲಾಯಿತು ಎಂಬ ಒಂದೇ ಅಂಕಿಯ ಸುತ್ತ ತಿರುಗುತ್ತವೆ. ಅಂಕಿ ಕೇಳಿದರೆ ಅಂಕಿ ಸಿಗುತ್ತದೆ. ಆದ್ದರಿಂದ ತಮ್ಮಲ್ಲಿ ನನ್ನ ಮನವಿ ಇಷ್ಟು. ಪರಿಶೀಲನಾ ನಮೂನೆಯಲ್ಲಿ ಇನ್ನೊಂದು ಅಂಕಣ ಸೇರಿಸಿ: ಜೋಡಿಸಿದ ಹಳೆಯ ದಾಖಲೆಗಳಲ್ಲಿ ಎಷ್ಟನ್ನು ಚಿಕಿತ್ಸೆ ಕೊಡುವ ವೈದ್ಯರು ತೆರೆದು ನೋಡಿದರು? ಆ ಅಂಕಣದಲ್ಲಿ ಸೊನ್ನೆ ಬಂದರೆ ವೈದ್ಯರಿಗೆ ನೋಟಿಸ್ ಕೊಡುವ ಮೊದಲು ಆ ಪರದೆಯ ಮುಂದೆ ತಾವೊಮ್ಮೆ ಕುಳಿತು ನೋಡಬೇಕು. ಕಂಪ್ಯೂಟರಿನಲ್ಲಿ ತುಂಬಿದ ಮಾಹಿತಿಯನ್ನು ಮತ್ತೆ ರಿಜಿಸ್ಟರಿನಲ್ಲಿ ಬರೆಯಬೇಕಾಗಿಲ್ಲ, ತಪಾಸಣಾಧಿಕಾರಿಗಳು ರಿಜಿಸ್ಟರ್ ಕೇಳಕೂಡದು ಎಂದು ಲಿಖಿತ ಸುತ್ತೋಲೆ ಹೊರಡಿಸಿ. ಬಾಯಿಮಾತಿನ ಸೂಚನೆಯನ್ನು ನಂಬಿ ರಿಜಿಸ್ಟರ್ ಮುಚ್ಚುವ ಧೈರ್ಯ ಯಾವ ಆಡಳಿತ ವೈದ್ಯಾಧಿಕಾರಿಗೂ ಇರುವುದಿಲ್ಲ. ತಂತ್ರಾಂಶದ ಪ್ರತಿ ಬದಲಾವಣೆಯನ್ನೂ ಇಡೀ ರಾಜ್ಯಕ್ಕೆ ಬಿಡುವ ಮುನ್ನ ಜನದಟ್ಟಣೆಯ ಒಂದು ಸೋಮವಾರ, ನಿಜವಾದ ಹೊರರೋಗಿ ಕೋಣೆಯಲ್ಲಿ ಗಡಿಯಾರ ಹಿಡಿದು ಪರೀಕ್ಷಿಸುವಂತಾಗಲಿ.

ಮೊದಲು ಒಂದೇ ಕಡೆ ಮಾಡಿ ನೋಡುವುದಾದರೆ ಹೊಸದುರ್ಗ ಅಥವಾ ಜಗಳೂರಿನ ತಾಲ್ಲೂಕು ಆಸ್ಪತ್ರೆಯಲ್ಲಿ, ಬಿಪಿ, ಶುಗರ್ ಮತ್ತು ಫ್ಲೋರೋಸಿಸ್ ರೋಗಿಗಳಿಗೆ ಮಾತ್ರ ಸೀಮಿತವಾಗಿ, ಮೂರು ತಿಂಗಳು ನಡೆಸಬಹುದು. ಸಮಸ್ಯೆಗಳ ಪಟ್ಟಿ, ಒಂದೇ ಒತ್ತಿನ ಮರುಚೀಟಿ, ಕ್ರಿಯಾಟಿನಿನ್ ಮತ್ತು ಶುಗರಿನ ಸಾಲು, ಕನ್ನಡದ ಡೋಸ್ ವಿವರ, ಥರ್ಮಲ್ ಅಲ್ಲದ ಸಾದಾ ಕಾಗದದ ಪ್ರಿಂಟರ್ ಇಷ್ಟಿದ್ದರೆ ಸಾಕು. ಅಲ್ಲಿನ ವೈದ್ಯರು, ಶುಶ್ರೂಷಾಧಿಕಾರಿಗಳು ಮತ್ತು ಫಾರ್ಮಸಿಸ್ಟರು ಹದಿನೈದು ದಿನಗಳಿಗೊಮ್ಮೆ ತಂತ್ರಾಂಶ ಮಾಡುವವರ ಎದುರು ಕುಳಿತು ತಮಗೆ ಏನು ಬೇಡ ಎಂಬುದನ್ನು ನೇರವಾಗಿ ಹೇಳಲು ಅವಕಾಶವಿರಲಿ. ಕಾಯಿಲೆಗಳ ಕಿರುಪಟ್ಟಿಯನ್ನು ಸಿದ್ಧಪಡಿಸಲು ಮತ್ತು ಆ ಸಭೆಗಳಲ್ಲಿ ಕೂರಲು ಈ ಎರಡು ಜಿಲ್ಲೆಗಳ ನಿವೃತ್ತ ವೈದ್ಯರು ಕೆಲವರು, ನನ್ನನ್ನೂ ಸೇರಿಸಿ, ಯಾವುದೇ ಸಂಭಾವನೆಯಿಲ್ಲದೆ ಬರಲು ಒಪ್ಪಿದ್ದಾರೆ. ಆಸ್ಪತ್ರೆ ಯಾವುದು, ಸಭೆಗೆ ಯಾವ ದಿನ ಬರಬೇಕು ಎಂಬುದನ್ನು ತಮ್ಮ ಕಚೇರಿ ಜಿಲ್ಲಾ ಆರೋಗ್ಯಾಧಿಕಾರಿಗಳ ಮೂಲಕ ತಿಳಿಸಿದರೆ ಸಾಕು.

ತಮ್ಮ ವಿಶ್ವಾಸಿ,
ನಿವೃತ್ತ ಸರ್ಕಾರಿ ಫಿಜೀಷಿಯನ್,
ಚಿತ್ರದುರ್ಗ.